ಕಂಬಳದ ಸೀಸನ್ನು ನೋಡುವ ಬಗೆ: ಬಜಗೋಳಿ ಆಸುಪಾಸಿನವರಿಗೊಂದು ಕೈಪಿಡಿ

ಸೋಮವಾರದ ಪತ್ರಿಕೆಯಲ್ಲಿ ಕಂಬಳದ ಫಲಿತಾಂಶ ಅಚ್ಚಾಗುವುದಕ್ಕೆ ಒಂದು ಕ್ರಮವಿದೆ. ವಿಭಾಗದ ಹೆಸರು, ಪ್ರಥಮ, ಕೋಣಗಳ ಯಜಮಾನರ ಊರು ಮತ್ತು ಹೆಸರು, ಅದರ ಬೆನ್ನಿಗೆ 'ಎ' ಅಥವಾ 'ಬಿ', ಆಮೇಲೆ 'ಓಡಿಸಿದವರು' ಎಂದು ಇನ್ನೊಂದು ಹೆಸರು. ಓಡಿಸಿದವರ ಹೆಸರಿನಲ್ಲೂ ಊರೇ ಮೊದಲು. ಹೀಗಾಗಿಯೇ ಕಾರ್ಕಳ ತಾಲೂಕಿನ ಮುಡಾರು ಗ್ರಾಮದ ಪುಟ್ಟ ಪೇಟೆಯೊಂದರ ಹೆಸರು ಚಳಿಗಾಲದುದ್ದಕ್ಕೂ ಕರಾವಳಿಯ ಓದುಗರ ಕಣ್ಣಿಗೆ ಬೀಳುತ್ತದೆ: ಬಜಗೋಳಿ ಜೋಗಿಬೆಟ್ಟು ನಿಶಾಂತ್ ಶೆಟ್ಟಿ.

2020ರ ಫೆಬ್ರವರಿಯಲ್ಲಿ ಈ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಆ ತಿಂಗಳ ಮೊದಲಿಗೆ ಐಕಳ ಕಂಬಳದಲ್ಲಿ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರಿನ ಕೆಸರಿನ ಓಟದ ಹಾದಿಯನ್ನು, ಅಂದರೆ ಕರೆಯನ್ನು, 13.62 ಸೆಕೆಂಡಿನಲ್ಲಿ ಓಡಿದ್ದರು. ಅದನ್ನು ನೂರು ಮೀಟರಿಗೆ ಇಳಿಸಿ 9.55 ಸೆಕೆಂಡ್ ಎಂದು ಲೆಕ್ಕ ಹಾಕಿದವರು ಉಸೇನ್ ಬೋಲ್ಟ್‌ನ 9.58ರ ಪಕ್ಕ ಇಟ್ಟರು. ಕೇಂದ್ರ ಕ್ರೀಡಾ ಸಚಿವರವರೆಗೂ ಮಾತು ಹೋಯಿತು. ಸುಮಾರು ಎರಡು ವಾರ ಕಳೆದ ಮೇಲೆ ವೇಣೂರಿನ ಸೂರ್ಯ-ಚಂದ್ರ ಜೋಡುಕರೆಯಲ್ಲಿ ನಿಶಾಂತ್ ಶೆಟ್ಟರು 143 ಮೀಟರನ್ನು 13.61 ಸೆಕೆಂಡಿನಲ್ಲಿ ಮುಗಿಸಿದರು. ಅದೇ ಲೆಕ್ಕದಲ್ಲಿ 9.51.

ಓಡಿದವರ ಬಗ್ಗೆ ನನಗೆ ಅಪಾರ ಗೌರವ. ಆ ಭಾಗಾಕಾರದ ಬಗ್ಗೆ ಇಲ್ಲ. ಯಾವ ಓಟದಲ್ಲೂ ಮೊದಲ ಕೆಲವು ಹೆಜ್ಜೆಗಳೇ ನಿಧಾನ. ದೂರ ಹೆಚ್ಚಿದಷ್ಟೂ ಆ ನಿಧಾನ ಸರಾಸರಿಯಲ್ಲಿ ಕರಗುತ್ತದೆ. ಬೋಲ್ಟ್ 2009ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರ್‌ನ ಬೀದಿಯಲ್ಲಿ 150 ಮೀಟರನ್ನು 14.35 ಸೆಕೆಂಡಿನಲ್ಲಿ ಓಡಿದ್ದ. ಭಾಗಿಸಿದರೆ ನೂರು ಮೀಟರಿಗೆ 9.57 ಬರುತ್ತದೆ; ಅದನ್ನು ಯಾರೂ ನೂರು ಮೀಟರಿನ ದಾಖಲೆ ಎನ್ನಲಿಲ್ಲ. ಮೇಲಾಗಿ ಅವನ ಕಾಲಡಿಯಲ್ಲಿ ಕೆಸರಿರಲಿಲ್ಲ, ಕೈಯಲ್ಲಿ ಎರಡು ಕೋಣಗಳ ಸೆಳೆತವೂ ಇರಲಿಲ್ಲ. ಎರಡೂ ಬೇರೆ ಬೇರೆ ವಿದ್ಯೆ.

ಆ ಸುದ್ದಿಯಿಂದ ಕಂಬಳಕ್ಕೆ ಹೊಸ ಪ್ರೇಕ್ಷಕರು ಬಂದರು, 2022ರಲ್ಲಿ 'ಕಾಂತಾರ' ಸಿನಿಮಾ ಬಂದ ಮೇಲೆ ಇನ್ನಷ್ಟು ಬಂದರು. ಬಂದವರಲ್ಲಿ ಹೆಚ್ಚಿನವರು ಮಧ್ಯಾಹ್ನ ಎರಡು ಓಟ ನೋಡಿ, ನೀರು ಚಿಮ್ಮುವ ಒಂದು ಫೋಟೋ ತೆಗೆದು ಮನೆಗೆ ಹೋಗುತ್ತಾರೆ. ಕಂಬಳ ತನ್ನನ್ನು ತೋರಿಸಿಕೊಳ್ಳುವುದು ಅಷ್ಟು ಬೇಗ ಅಲ್ಲ. ಒಂದು ಓಟ ಹನ್ನೆರಡು, ಹದಿಮೂರು ಸೆಕೆಂಡಿನದ್ದಾದರೂ ಒಂದು ಕಂಬಳ ಶನಿವಾರ ಬೆಳಿಗ್ಗೆ ಹೊರಟು ಭಾನುವಾರ ಹೊತ್ತೇರುವವರೆಗೆ ನಡೆಯುತ್ತದೆ. ಅಂಥ ಕಂಬಳಗಳು ನವೆಂಬರದಿಂದ ಮಾರ್ಚಿಯವರೆಗೆ, ಕೆಲವು ವರ್ಷ ಏಪ್ರಿಲಿಗೂ ದಾಟಿ, ವಾರ ವಾರ ಊರಿಂದೂರಿಗೆ ಸಾಗುತ್ತವೆ. ರಾತ್ರಿ ಮೂರು ಗಂಟೆಗೆ ಸೆಮಿಫೈನಲಿಗೆ ಇಳಿಯುವ ಕೋಣಕ್ಕೆ ಬೆಳಗಿನ ಓಟದ ಕಸುವು ಉಳಿದಿದೆಯೇ, ಡಿಸೆಂಬರಿನಲ್ಲಿ ಗೆದ್ದ ಜೊತೆ ಮಾರ್ಚಿಯಲ್ಲೂ ಗೆಲ್ಲುತ್ತದೆಯೇ ಎಂಬುದೇ ಇಲ್ಲಿ ನಿಜವಾದ ಪಂದ್ಯ. ಇದು ಸಹನೆಯ ಸ್ಪರ್ಧೆ, ತಾಳಿಕೆಯ ಸ್ಪರ್ಧೆ.

ಮೋಟಾರು ರೇಸಿನ ಪರಿಚಯ ಇರುವ ಮಣಿಪಾಲದ ಹುಡುಗರಿಗೆ ಇದು ಬೇಗ ಅರ್ಥವಾದೀತು. ಫ್ರಾನ್ಸಿನ ಲ ಮಾನ್ ಎಂಬ ಊರಿನಲ್ಲಿ 1923ರಿಂದ ನಡೆಯುತ್ತಿರುವ 24 ಗಂಟೆಗಳ ಕಾರು ಓಟ ಜೂನ್ ತಿಂಗಳಲ್ಲಿ, ನಮ್ಮ ಗಡಿಯಾರದ ಸಂಜೆ ಏಳೂವರೆಗೆ, ಶುರುವಾಗುತ್ತದೆ. ಹದಿಮೂರೂವರೆ ಕಿಲೋಮೀಟರ್ ಮೀರಿದ ಸುತ್ತು, ಒಂದು ಕಾರಿಗೆ ಮೂವರು ಚಾಲಕರು, ಬೇರೆ ಬೇರೆ ದರ್ಜೆಯ ಕಾರುಗಳು ಒಂದೇ ರಸ್ತೆಯಲ್ಲಿ. ಭಾರತದಿಂದ ಅಲ್ಲಿ ಮೊದಲು ಓಡಿಸಿದವರು ಚೆನ್ನೈಯ ಕರುಣ್ ಚಂದೋಕ್, 2012ರಲ್ಲಿ. ಬೆಂಗಳೂರಿನ ಅರ್ಜುನ್ ಮೈನಿ 2019ರಲ್ಲಿ ಓಡಿಸಿದರು. ಅಲ್ಲಿನ ನೋಡುಗರು ಒಂದು ಸುತ್ತಿನ ವೇಗ ನೋಡಿ ತೀರ್ಪು ಕೊಡುವುದಿಲ್ಲ. ಬೆಳಗಿನ ಜಾವಕ್ಕೆ ಯಾವ ತಂಡ ಇನ್ನೂ ನೆಟ್ಟಗಿದೆ ಎಂದು ನೋಡುತ್ತಾರೆ. ಅದಕ್ಕೂ ಮಿಗಿಲಾಗಿ, ಆ ಓಟವನ್ನು ಒಂದಿಡೀ ಸರಣಿಯ ಭಾಗವಾಗಿ ನೋಡುತ್ತಾರೆ. ಕಂಬಳವನ್ನೂ ಹೀಗೆ ನೋಡಲು ಕಲಿತರೆ ಅದರ ರುಚಿಯೇ ಬೇರೆ.

ಎಲ್ಲಿಂದ ಶುರು ಮಾಡುವುದು

ಬಜಗೋಳಿಯಲ್ಲಿ ಮನೆಯಿದ್ದವರು ಈ ವಿಷಯದಲ್ಲಿ ಅದೃಷ್ಟವಂತರು. ಕಾರ್ಕಳಕ್ಕೆ ಹೋಗುವ ದಾರಿಯಲ್ಲೇ ಮಿಯ್ಯಾರು. ಅಲ್ಲಿನ ಲವ-ಕುಶ ಜೋಡುಕರೆ ಕಂಬಳ ಸಾಮಾನ್ಯವಾಗಿ ಜನವರಿಯ ಮೊದಲ ವಾರದ ಆಸುಪಾಸಿನಲ್ಲಿ ಬರುತ್ತದೆ. ಮೊದಲ ಸಲ ರಾತ್ರಿಯಿಡೀ ಕೂರಬೇಕೆಂದಿರುವವರಿಗೆ ಇದಕ್ಕಿಂತ ಹಿತವಾದ ಜಾಗ ಇಲ್ಲ. ನಿದ್ದೆ ತಡೆಯದಿದ್ದರೆ ಮನೆ ಹತ್ತಿರ. ಇದೇ ತಾಲೂಕಿನಲ್ಲಿ ಬಾರಾಡಿ ಬೀಡಿನ ಸೂರ್ಯ-ಚಂದ್ರ ಜೋಡುಕರೆ ಇದೆ. ಹೊಸ್ಮಾರು, ನಾರಾವಿ ಕಡೆಯಿಂದ ಇಳಿದರೆ ಬೆಳ್ತಂಗಡಿ ತಾಲೂಕು, ಅಲ್ಲಿ ವೇಣೂರು-ಪೆರ್ಮುಡದ ಸೂರ್ಯ-ಚಂದ್ರ. ಮೂಡುಬಿದಿರೆಯ ಕೋಟಿ-ಚೆನ್ನಯ ಜೋಡುಕರೆಯೂ ದೂರವೇನಲ್ಲ. ಕಾಪು ತಾಲೂಕಿನವರಿಗೆ, ಉಡುಪಿ-ಮಣಿಪಾಲದವರಿಗೆ ಕಟಪಾಡಿ ಬೀಡಿನ ಮೂಡು-ಪಡು ಜೋಡುಕರೆ ಹತ್ತಿರ.

ಅದರಾಚೆಗೂ ಸರಣಿ ಉದ್ದವಾಗಿದೆ. ಹೊಕ್ಕಾಡಿಗೋಳಿಯ ವೀರ-ವಿಕ್ರಮ, ಕಕ್ಯಪದವಿನ ಸತ್ಯ-ಧರ್ಮ, ಪಡುಪಣಂಬೂರಿನ ಮೂಲ್ಕಿ ಅರಸು ಕಂಬಳ, ಐಕಳ ಬಾವದ ಕಾಂತಾಬಾರೆ-ಬೂದಾಬಾರೆ, ಮಂಗಳೂರಿನ ರಾಮ-ಲಕ್ಷ್ಮಣ, ಜಪ್ಪಿನಮೊಗರಿನ ಜಯ-ವಿಜಯ, ಪುತ್ತೂರಿನ ಕೋಟಿ-ಚೆನ್ನಯ, ಉಪ್ಪಿನಂಗಡಿಯ ವಿಜಯ-ವಿಕ್ರಮ. ಗಡಿ ದಾಟಿ ಕಾಸರಗೋಡು ಜಿಲ್ಲೆಗೆ ಹೋದರೆ ಪೈವಳಿಕೆಯಲ್ಲಿ ಅಣ್ಣ-ತಮ್ಮ ಜೋಡುಕರೆ. 2023ರ ನವೆಂಬರ್ 25 ಮತ್ತು 26ರಂದು ಬೆಂಗಳೂರಿನ ಅರಮನೆ ಮೈದಾನದಲ್ಲೂ ರಾಜ-ಮಹಾರಾಜ ಎಂಬ ಕರೆ ತೋಡಿ ಕಂಬಳ ನಡೆಸಿದರು. ಕೋಣಗಳು ಘಾಟಿ ಹತ್ತಿ ಲಾರಿಗಳಲ್ಲಿ ಹೋದವು.

ದಿನಾಂಕಗಳು ಪ್ರತಿ ವರ್ಷ ಬದಲಾಗುತ್ತವೆ. ಸೀಸನಿಗೆ ಮೊದಲೇ ಜಿಲ್ಲಾ ಕಂಬಳ ಸಮಿತಿ ಸಭೆ ಸೇರಿ ಪಟ್ಟಿ ಪ್ರಕಟಿಸುತ್ತದೆ, ಎಲ್ಲ ಪತ್ರಿಕೆಗಳಲ್ಲೂ ಬರುತ್ತದೆ. ಆ ಪಟ್ಟಿಯನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳಿ. ಎಲ್ಲದಕ್ಕೂ ಹೋಗಬೇಕಿಲ್ಲ. ಸೀಸನಿನ ಆರಂಭದಲ್ಲಿ ಒಂದು, ಜನವರಿಯಲ್ಲಿ ಮಿಯ್ಯಾರು, ಕೊನೆಗೆ ಒಂದು ಎಂದು ಮೂರನ್ನು ಆರಿಸಿಕೊಂಡು, ಉಳಿದವನ್ನು ಯೂಟ್ಯೂಬ್ ನೇರ ಪ್ರಸಾರದಲ್ಲಿ ಮತ್ತು ಸೋಮವಾರದ ಪತ್ರಿಕೆಯಲ್ಲಿ ಹಿಂಬಾಲಿಸಿದರೆ ಸಾಕು. ಒಂದು ಜೊತೆ ಕೋಣ ಹೇಗೆ ಏರುತ್ತದೆ, ಎಲ್ಲಿ ದಣಿಯುತ್ತದೆ ಎಂಬುದು ಅಷ್ಟರಲ್ಲೇ ಕಾಣತೊಡಗುತ್ತದೆ.

ಇವೆಲ್ಲ ಜೋಡುಕರೆ ಕಂಬಳಗಳು, ಅಂದರೆ ಎರಡು ಕರೆಗಳು ಅಕ್ಕಪಕ್ಕ. ಇವುಗಳಲ್ಲದೆ ಬೀಡು, ಗುತ್ತುಗಳಿಗೆ ಮತ್ತು ದೈವಗಳಿಗೆ ಸೇರಿದ ಸಾಂಪ್ರದಾಯಿಕ ಕಂಬಳಗಳೂ ಇವೆ; ಕುಂದಾಪುರ ಕಡೆಯ ವಂಡಾರು ಕಂಬಳ ಅಂಥದ್ದು. ಅಲ್ಲಿ ಪದಕದ ಲೆಕ್ಕ ಮುಖ್ಯವಲ್ಲ, ಗದ್ದೆ ಮತ್ತು ಹರಕೆ ಮುಖ್ಯ. ಹೋಗುವುದಾದರೆ ಆ ಮನಸ್ಸಿನಿಂದಲೇ ಹೋಗಿ.

ಆರು ವಿಭಾಗ

ವಿಭಾಗ ಗೊತ್ತಿಲ್ಲದೆ ಕಂಬಳ ನೋಡಿದರೆ ಒಂದೇ ಥರದ ಓಟ ನೂರಾರು ಸಲ ನೋಡಿದಂತಾಗುತ್ತದೆ. ಇಷ್ಟನ್ನು ತಲೆಯಲ್ಲಿಟ್ಟುಕೊಳ್ಳಿ: ನೇಗಿಲು ಕಿರಿಯ, ನೇಗಿಲು ಹಿರಿಯ, ಹಗ್ಗ ಕಿರಿಯ, ಹಗ್ಗ ಹಿರಿಯ, ಅಡ್ಡ ಹಲಗೆ, ಕನೆಹಲಗೆ. ಈಚೆಗೆ ಕೆಲವು ಕಡೆ ಇನ್ನೂ ಎಳೆಯ ಕೋಣಗಳಿಗೆ ಸಬ್ ಜೂನಿಯರ್ ವಿಭಾಗವನ್ನೂ ಇಡುತ್ತಾರೆ.

ಕಿರಿಯ, ಹಿರಿಯ ಎನ್ನುವುದು ಕೋಣದ ಪ್ರಾಯ. ಅದನ್ನು ಹಲ್ಲು ನೋಡಿ ಹೇಳುತ್ತಾರೆ. ನೇಗಿಲು ವಿಭಾಗದಲ್ಲಿ ನೊಗಕ್ಕೆ ಹಗುರಾದ ನೇಗಿಲಿನ ಆಕಾರದ ಮರ ಕಟ್ಟಿರುತ್ತಾರೆ, ಓಡಿಸುವವನು ಅದನ್ನು ಹಿಡಿದು ಓಡುತ್ತಾನೆ. ಹೊಸ ಕೋಣಗಳು ಕರೆಗೆ ಕಾಲಿಡುವುದು ಹೆಚ್ಚಾಗಿ ಇಲ್ಲಿಂದಲೇ, ಆದ್ದರಿಂದ ನೇಗಿಲು ಕಿರಿಯದಲ್ಲೇ ಜೊತೆಗಳ ಸಂಖ್ಯೆ ಅತಿ ಹೆಚ್ಚು. ಹೊಸಬರು ಈ ವಿಭಾಗವನ್ನು ಬೇಸರವೆಂದು ಬಿಟ್ಟು ಊಟಕ್ಕೆ ಹೋಗುತ್ತಾರೆ. ಹಾಗೆ ಮಾಡಬೇಡಿ. ನಾಲ್ಕು ವರ್ಷ ಕಳೆದು ಹಗ್ಗ ಹಿರಿಯದಲ್ಲಿ ಹೆಸರು ಮಾಡುವ ಕೋಣ ಈಗ ಇಲ್ಲಿ ಓಟ ಹೊರಡುವ ತುದಿಯಲ್ಲಿ ಹಿಂದೆ ಮುಂದೆ ಎಳೆದಾಡುತ್ತ ನಿಂತಿರುತ್ತದೆ.

ಹಗ್ಗದಲ್ಲಿ ನೇಗಿಲಿಲ್ಲ, ನೊಗಕ್ಕೆ ಬಿಗಿದ ಹಗ್ಗವೊಂದೇ ಆಸರೆ. ಕೋಣ ವೇಗವಾಗಿ ಓಡುತ್ತದೆ, ಓಡಿಸುವವನು ಅದಕ್ಕೆ ತಕ್ಕ ಕಾಲು ಹಾಕಬೇಕು. ಎಡವಿದರೆ ಎದೆಯಡಿ ಕೆಸರು. ಕಂಬಳಾಭಿಮಾನಿಗಳು ಮಾತಿಗೆ ಕೂತಾಗ ಹೆಚ್ಚಾಗಿ ಬರುವುದು ಹಗ್ಗ ಹಿರಿಯದ ಕತೆಗಳೇ. ಅಡ್ಡ ಹಲಗೆಯಲ್ಲಿ ಓಡುವುದಿಲ್ಲ, ಕೋಣಗಳ ಹಿಂದೆ ಅಡ್ಡಕ್ಕೆ ಕಟ್ಟಿದ ಹಲಗೆಯ ಮೇಲೆ ನಿಂತು ಸಾಗುತ್ತಾರೆ. ಮೊಣಕಾಲಿನ ಹದ ತಪ್ಪಿದರೆ ಮುಗಿಯಿತು.

ಕನೆಹಲಗೆ ಇವೆಲ್ಲದರಿಂದ ಬೇರೆಯೇ ಒಂದು ಕಲೆ. ಇಲ್ಲಿ ಎದುರಾಳಿ ಇಲ್ಲ, ಗಡಿಯಾರವೂ ಇಲ್ಲ. ಓಡಿಸುವವನು ಒಂದು ಕಾಲನ್ನು ಇಕ್ಕಟ್ಟಾದ ಹಲಗೆಯ ಮೇಲಿಟ್ಟು ನಿಲ್ಲುತ್ತಾನೆ. ಹಲಗೆಯಲ್ಲಿ ತೂತುಗಳಿವೆ. ಕೋಣಗಳು ಎಳೆದಂತೆ ಕೆಳಗಿನ ನೀರು ಆ ತೂತುಗಳಿಂದ ಮೇಲಕ್ಕೆ ಚಿಮ್ಮುತ್ತದೆ. ಕರೆಯ ಮೇಲೆ ಎತ್ತರದಲ್ಲಿ ಅಡ್ಡಲಾಗಿ ಬಟ್ಟೆಯ ನಿಶಾನೆ ಕಟ್ಟಿರುತ್ತಾರೆ: ಆರೂವರೆ ಕೋಲು, ಏಳೂವರೆ ಕೋಲು. ನೀರು ನಿಶಾನೆಗೆ ತಾಗಿತೇ ಎಂಬುದೇ ಫಲಿತಾಂಶ. ವೇಗ, ಭಾರ, ಹಲಗೆಯ ಓರೆ, ನೀರಿನ ಆಳ ಇಷ್ಟೂ ಒಂದು ಕ್ಷಣಕ್ಕೆ ಕೂಡಿ ಬಂದರೆ ಮಾತ್ರ ಆ ನೀರು ನೆಟ್ಟಗೆ ಏರುತ್ತದೆ. ಕನೆಹಲಗೆಗೆ ಬರುವ ಜೊತೆಗಳು ಬೆರಳೆಣಿಕೆಯಷ್ಟು. ಧ್ವನಿವರ್ಧಕದಲ್ಲಿ ಅದರ ಹೆಸರು ಕೇಳಿದ ಕೂಡಲೇ ಚರುಮುರಿಯ ಪೊಟ್ಟಣ ಕೈಯಲ್ಲೇ ಇರಲಿ, ಎದ್ದು ನಿಶಾನೆ ಕಾಣುವ ಜಾಗಕ್ಕೆ ನಡೆಯಿರಿ.

ಬಹುಮಾನ ಚಿನ್ನದಲ್ಲಿ. ಹಿರಿಯ ವಿಭಾಗಗಳಿಗೆ ಸಾಮಾನ್ಯವಾಗಿ ಮೊದಲನೆಯದಕ್ಕೆ ಎರಡು ಪವನ್, ಎರಡನೆಯದಕ್ಕೆ ಒಂದು. ಕಿರಿಯರಿಗೆ ಅದರ ಅರ್ಧ. ಒಂದು ಜೊತೆಯನ್ನು ವರ್ಷವಿಡೀ ಸಾಕುವ ಖರ್ಚಿನೆದುರು ಹದಿನಾರು ಗ್ರಾಂ ಚಿನ್ನ ಏನೇನೂ ಅಲ್ಲ. ಯಜಮಾನರು ಕೋಣ ಕಟ್ಟುವುದು ಪ್ರತಿಷ್ಠೆಗೆ, ಮನೆತನದ ಹೆಸರಿಗೆ, ಮತ್ತು ಆ ಪ್ರಾಣಿಯ ಮೇಲಿನ ಮೋಹಕ್ಕೆ.

ಕರೆಯನ್ನು ಓದುವುದು

ಓಟ ಹೊರಡುವ ತುದಿ ಗಂತು, ಮುಗಿಯುವ ತುದಿ ಮಂಜೊಟ್ಟಿ. ಮಂಜೊಟ್ಟಿಯ ಆಚೆ ನೆಲ ಏರಿಕೊಂಡು ಹೋಗುತ್ತದೆ. ಓಡಿ ಬಂದ ಕೋಣದ ವೇಗ ತಗ್ಗಲಿ ಎಂದೇ ಈ ಏರು. ಎರಡು ಕರೆಗಳಿಗೂ ಹೆಸರಿರುವುದರಿಂದ ಉದ್ಘೋಷಕರು ಮಿಯ್ಯಾರಿನಲ್ಲಿ 'ಲವ ಕರೆಯಲ್ಲಿ' ಇಂಥವರ ಕೋಣ, 'ಕುಶ ಕರೆಯಲ್ಲಿ' ಇಂಥವರದ್ದು ಎಂದು ಕೂಗುತ್ತಾರೆ. ಹೋದ ಕೂಡಲೇ ಯಾವ ಬದಿ ಯಾವುದು ಎಂದು ಪಕ್ಕದವರನ್ನು ಕೇಳಿ ತಿಳಿದುಕೊಳ್ಳಿ. ಇಲ್ಲದಿದ್ದರೆ ಗೆದ್ದವರು ಯಾರೆಂದು ರಾತ್ರಿಯಿಡೀ ತಿಳಿಯದು.

ಒಂದು ಊರಿನ ಕರೆ ಇನ್ನೊಂದು ಊರಿನದ್ದರ ಹಾಗಿರುವುದಿಲ್ಲ. ಉದ್ದದಲ್ಲಿ ವ್ಯತ್ಯಾಸ; ಸುಮಾರು 120 ಮೀಟರಿನಿಂದ 150ರ ಆಸುಪಾಸಿನವರೆಗೂ ಉಂಟು. ನೀರಿನ ಆಳ ಬೇರೆ, ಅಡಿಯ ಮಣ್ಣು ಬೇರೆ, ಬೆರೆಸಿದ ಹೊಯ್ಗೆ ಬೇರೆ. ಒಂದೇ ಕಂಬಳದಲ್ಲೂ ಬೆಳಗಿನ ಕರೆ ಬೆಳಗಿನ ಜಾವಕ್ಕೆ ಉಳಿಯದು. ನೂರಾರು ಗೊರಸುಗಳು ತುಳಿದು ಅಡಿ ಕದಡಿರುತ್ತದೆ. ಆದ್ದರಿಂದ ಐಕಳದ ಸೆಕೆಂಡನ್ನು ವೇಣೂರಿನ ಸೆಕೆಂಡಿನ ಪಕ್ಕ ಇಟ್ಟು ಯಾರು ವೇಗಿ ಎಂದು ಹೇಳಲಾಗದು. ಒಂದೇ ಕರೆಯಲ್ಲಿ, ಒಂದೇ ರಾತ್ರಿ, ಎದುರುಬದುರು ಓಡಿದವರನ್ನು ಹೋಲಿಸಿ. ಅದು ನ್ಯಾಯ.

ಹಿಂದೆ ಮಂಜೊಟ್ಟಿಯಲ್ಲಿ ನಿಂತ ತೀರ್ಪುಗಾರರ ಕಣ್ಣೇ ಅಂತಿಮವಾಗಿತ್ತು; ಮೂಗಿನಳತೆಯ ಗೆಲುವಿಗೆ ಜಗಳವೂ ಆಗುತ್ತಿತ್ತು. ಈಗ ಲೇಸರ್ ಕಿರಣ, ವಿಡಿಯೊ ಬಂದು ವಿವಾದ ತಗ್ಗಿದೆ. ಗಂತಿನ ಗೋಳು ಮಾತ್ರ ತಗ್ಗಿಲ್ಲ. ಎರಡು ಜೊತೆ, ನಾಲ್ಕು ಕೋಣ, ಒಂದೇ ಗೆರೆಯಲ್ಲಿ ಒಂದೇ ಕ್ಷಣ ತಲೆ ನೇರ ಇಟ್ಟು ನಿಲ್ಲಬೇಕು. ಒಂದು ತಿರುಗುತ್ತದೆ, ಅದನ್ನು ಸರಿಮಾಡುವಾಗ ಇನ್ನೊಂದು ಹಿಂದೆ ಸರಿಯುತ್ತದೆ. ಹದಿಮೂರು ಸೆಕೆಂಡಿನ ಓಟಕ್ಕೆ ಹಲವು ನಿಮಿಷಗಳ ಸಿದ್ಧತೆ. ಒಟ್ಟು ಜೊತೆಗಳು ಇನ್ನೂರು ದಾಟುವುದೂ ಇರುವುದರಿಂದ, 24 ಗಂಟೆಯೊಳಗೆ ಮುಗಿಸಬೇಕೆಂಬ ಸಮಿತಿಯ ಆಸೆ ಎಡವುವುದು ಇಲ್ಲಿಯೇ. ಕೋಣ ಬಿಡಲು ತಡ ಮಾಡುವವರಿಗೆ ಸಮಯದ ಮಿತಿಯನ್ನು ಕಟ್ಟುನಿಟ್ಟಾಗಿ ಹಾಕಲೇಬೇಕು ಎಂಬುದು ನನ್ನ ಅಭಿಪ್ರಾಯ. ತಡವಾದಷ್ಟೂ ದಣಿಯುವುದು ಕಾಯುತ್ತ ನಿಂತ ಕೋಣ.

ಹಾಗೆಂದು ಗಂತಿನ ಬಳಿ ಹೋಗದೆ ಇರಬೇಡಿ. ಅನುಭವಿಗಳು ಅರ್ಧ ಫಲಿತಾಂಶವನ್ನು ಅಲ್ಲೇ ಹೇಳಿಬಿಡುತ್ತಾರೆ. ಎರಡೂ ಕೋಣಗಳ ಕಿವಿ ಮುಂದಕ್ಕಿದೆಯೇ, ನೊಗದಡಿಯಲ್ಲಿ ಒಂದರ ಕತ್ತು ಇನ್ನೊಂದಕ್ಕಿಂತ ಕೆಳಗಿದೆಯೇ, ಬಿಡುವವರ ಕೈ ಸಮಾಧಾನವಾಗಿದೆಯೇ. ಜೊತೆ ಎಂದರೆ ಎರಡು ಒಳ್ಳೆಯ ಕೋಣಗಳು ಎಂದಲ್ಲ, ಒಂದೇ ನಡೆಯ ಎರಡು ಕೋಣಗಳು. ಒಂದಕ್ಕೆ ಗಾಯವಾಗಿ ಬೇರೆ ಕೋಣ ಜೊತೆಯಾದಾಗ ಹಿಂದಿನ ವಾರದ ವಿಜೇತರು ಮೊದಲ ಸುತ್ತಿನಲ್ಲೇ ಮುಗ್ಗರಿಸುವುದು ಇದೇ ಕಾರಣಕ್ಕೆ.

ರಾತ್ರಿಯ ತಯಾರಿ

ಕರಾವಳಿಯ ಕಂಬಳಗಳಿಗೆ ಸಾಮಾನ್ಯವಾಗಿ ಟಿಕೆಟ್ ಇಲ್ಲ. ಬೆಳಿಗ್ಗೆ ಉದ್ಘಾಟನೆ, ವಾದ್ಯದೊಂದಿಗೆ ಕೋಣಗಳು ಕರೆಗೆ ಇಳಿಯುವ ಸಂಭ್ರಮ. ಸಣ್ಣ ಮಕ್ಕಳಿರುವ ಮನೆಯವರಿಗೆ ಈ ಹೊತ್ತು ಮತ್ತು ಸಂಜೆ ನಾಲ್ಕರ ಮೇಲಿನ ಹೊತ್ತು ಹೇಳಿ ಮಾಡಿಸಿದ್ದು. ಮಧ್ಯಾಹ್ನದ ಬಿಸಿಲಿಗೆ ಹೋಗಿ ಬೇಯುವುದರಲ್ಲಿ ಅರ್ಥವಿಲ್ಲ. ಸಂಜೆಯ ಸಭಾ ಕಾರ್ಯಕ್ರಮದಲ್ಲಿ ಸನ್ಮಾನ, ಭಾಷಣ ಇರುತ್ತದೆ. ಆ ಹೊತ್ತಿಗೆ ಊಟ ಮುಗಿಸಿಬಿಡಿ.

ಮುಖ್ಯ ಸುತ್ತುಗಳು ನಡುರಾತ್ರಿ ಕಳೆದ ಮೇಲೆ. ಸೆಮಿಫೈನಲ್, ಫೈನಲ್ ಹೆಚ್ಚಾಗಿ ಭಾನುವಾರ ಬೆಳಗ್ಗೆ. ರಾತ್ರಿಯಿಡೀ ಕೂರಲು ಆಗದವರು ಒಂಬತ್ತಕ್ಕೆ ಮಲಗಿ ಮೂರಕ್ಕೆ ಎದ್ದು ಹೋಗುವುದು ಒಳ್ಳೆಯ ಉಪಾಯ. ಜನ ಕಡಿಮೆ, ಕರೆಯ ಬದಿಯಲ್ಲೇ ಜಾಗ ಸಿಗುತ್ತದೆ, ಓಟ ಗಟ್ಟಿ. ಆ ಹೊತ್ತಿಗೆ ಬಸ್ಸು ಸಿಗದು. ಹೋಗಿ ಬರುವ ವಾಹನವನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ನಿದ್ದೆಗಣ್ಣಿನಲ್ಲಿ ಬೈಕು ಓಡಿಸಿಕೊಂಡು ಹೆದ್ದಾರಿಗೆ ಇಳಿಯಬೇಡಿ, ಮರಗಳ ನಡುವಿನ ಆ ತಿರುವುಗಳು ಬೆಳಗಿನ ಮಂಜಿನಲ್ಲಿ ಮೋಸ ಮಾಡುತ್ತವೆ. ಒಂದು ಗಂಟೆ ಅಲ್ಲೇ ಎಲ್ಲಾದರೂ ತಲೆಯಿಟ್ಟು ಎದ್ದು ಹೊರಡಿ.

ಜನವರಿಯ ರಾತ್ರಿಗೆ ತಲೆಗೊಂದು ಟೊಪ್ಪಿ ಅಥವಾ ಶಾಲು ಬೇಕು. ಗದ್ದೆಯ ಬದು ಜಾರುತ್ತದೆ, ಹೊಸ ಶೂ ಹಾಕಿಕೊಂಡು ಬರಬೇಡಿ. ಕೆಸರಿನ ಹನಿ ಬೀಳದ ದೂರ ಎಂಬುದು ಕರೆಯ ಬದಿಯಲ್ಲಿ ಇಲ್ಲ, ಬಿಳಿ ಅಂಗಿಯ ಆಸೆ ಬಿಡಿ. ಹೊಟ್ಟೆಯ ಚಿಂತೆ ಬೇಡ: ಗೋಳಿಬಜೆ, ಚರುಮುರಿ, ಕಬ್ಬಿನ ಹಾಲು, ಬೊಂಡ, ಬಚ್ಚಂಗಾಯಿ, ಊಟದ ಅಂಗಡಿಗಳು ಸಾಲಾಗಿ ಇರುತ್ತವೆ.

ನಿಲ್ಲುವ ಜಾಗದ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ಮಂಜೊಟ್ಟಿಯ ಏರಿನ ನೇರಕ್ಕೆ ಯಾವತ್ತೂ ನಿಲ್ಲಬೇಡಿ. ಅಷ್ಟು ತೂಕದ ಎರಡು ಪ್ರಾಣಿಗಳು ಪೂರ್ಣ ವೇಗದಲ್ಲಿ ಮೇಲೇರಿ ಬರುವಾಗ ಹಿಡಿಯುವವರ ಕೈ ತಪ್ಪುವುದುಂಟು. ಕರೆ ದಾಟಬೇಡಿ. ಮಕ್ಕಳ ಕೈ ಬಿಡಬೇಡಿ. ಕೋಣ ಹತ್ತಿರ ಬಂದಾಗ ಕಣ್ಣಿಗೆ ಫ್ಲಾಶ್ ಹಾಯಿಸಬೇಡಿ. ಕಟ್ಟಿಹಾಕಿದ ಕೋಣದ ಬಳಿಗೆ ಹೋಗುವುದಾದರೆ ನೋಡಿಕೊಳ್ಳುವವರನ್ನು ಕೇಳಿ, ಎದುರಿನಿಂದ ಹೋಗಿ. ಕೇಳಿದವರಿಗೆ ಅವರು ಬೇಡ ಎನ್ನುವುದು ಕಡಿಮೆ. ಹೆಸರು, ಪ್ರಾಯ, ಯಾರಿಂದ ತಂದದ್ದು, ಎಷ್ಟು ಮೆಡಲ್ ಬಂತು ಎಲ್ಲವನ್ನೂ ಪ್ರೀತಿಯಿಂದ ಹೇಳುತ್ತಾರೆ.

ಕೋಣದ ಮೇಲೆ ಕಣ್ಣಿರಲಿ

ಕೋಣಕ್ಕೆ ಬೆವರು ಗ್ರಂಥಿಗಳು ಕಡಿಮೆ, ಚರ್ಮ ಕಪ್ಪು. ಮೈಯ ಬಿಸಿಯನ್ನು ಹೊರಹಾಕಲು ಅದಕ್ಕೆ ನೀರು, ಕೆಸರು, ನೆರಳು ಬೇಕೇ ಬೇಕು. ಓಡಿ ಬಂದ ಕೂಡಲೇ ಮೈಮೇಲೆ ನೀರು ಹೊಯ್ಯುವುದು, ಚಪ್ಪರದಡಿ ಕಟ್ಟುವುದು ಇದಕ್ಕಾಗಿ. ಒಳ್ಳೆಯ ಯಜಮಾನರ ಮನೆಯಲ್ಲಿ ವರ್ಷವಿಡೀ ಬೇಯಿಸಿದ ಹುರುಳಿ, ಎಣ್ಣೆ ತಿಕ್ಕುವುದು, ಕೆರೆಯಲ್ಲೋ ಕೊಳದಲ್ಲೋ ಈಜು. ಸೀಸನ್ ಗೆಲ್ಲುವುದು ಆ ಹಟ್ಟಿಯಲ್ಲಿ. ಕರೆಗೆ ಬಂದಾಗ ಗೊತ್ತಾಗುತ್ತದೆ, ಅಷ್ಟೆ.

ಹೊಡೆತದ ಪ್ರಶ್ನೆಯನ್ನು ಕಂಬಳಪ್ರೇಮಿಗಳು ಬದಿಗೆ ಸರಿಸಬಾರದು. 2014ರ ಮೇ 7ರಂದು ಜಲ್ಲಿಕಟ್ಟಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನೆರಳು ಕಂಬಳದ ಮೇಲೂ ಬಿತ್ತು. 2016ರ ನವೆಂಬರಿನಲ್ಲಿ ಹೈಕೋರ್ಟ್ ತಡೆ ಕೊಟ್ಟಿತು, 2017ರ ಜನವರಿಯಲ್ಲಿ ಮಂಗಳೂರು, ಮೂಡುಬಿದಿರೆಗಳಲ್ಲಿ ಜನ ಬೀದಿಗಿಳಿದರು, ಫೆಬ್ರವರಿ 13ರಂದು ಕಂಬಳಕ್ಕೆ ಅವಕಾಶ ಕೊಡುವ ತಿದ್ದುಪಡಿ ಮಸೂದೆಯನ್ನು ವಿಧಾನಸಭೆ ಒಪ್ಪಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತಮಿಳುನಾಡು, ಮಹಾರಾಷ್ಟ್ರದ ಕಾಯ್ದೆಗಳ ಜೊತೆಗೆ ಕರ್ನಾಟಕದ ಕಾಯ್ದೆಯನ್ನೂ ಎತ್ತಿಹಿಡಿಯಿತು. ಈ ಅನುಮತಿ ಪ್ರಾಣಿಗೆ ಹಿಂಸೆಯಾಗದಂತೆ ನಡೆಸುತ್ತೇವೆ ಎಂಬ ಮಾತಿನ ಮೇಲೆ ನಿಂತಿದೆ. ಆ ಮಾತು ಉಳಿಯುವುದು ಸಮಿತಿಯ ಕಾಗದದಲ್ಲಿ ಮಾತ್ರವಲ್ಲ, ಕರೆಯ ಬದಿಯಲ್ಲಿ ನಿಂತ ನಮ್ಮ ಬಾಯಲ್ಲೂ. ಬೆತ್ತ ಬೀಸಿ ಗೆದ್ದ ಜೊತೆಗೆ ಚಪ್ಪಾಳೆ ಬೇಡ. ಮಾತಿಗೆ, ಕೈಯ ಸನ್ನೆಗೆ ಓಡುವ ಕೋಣಗಳಿವೆ, ಚಪ್ಪಾಳೆ ಅವುಗಳಿಗಿರಲಿ. ಪಂಥ ಕಟ್ಟುವವರು ಪಕ್ಕಕ್ಕೆ ಬಂದರೆ ದೂರ ಸರಿಯಿರಿ.

ಇನ್ನೊಂದು ಮಾತನ್ನೂ ಮುಚ್ಚಿಡುವ ಹಾಗಿಲ್ಲ. ಕಂಬಳದ ಹಳೆಯ ದಿನಗಳಲ್ಲಿ ಕೊರಗ ಸಮುದಾಯದವರನ್ನು ಹಿಂದಿನ ರಾತ್ರಿ ಮಂಜಿನಲ್ಲಿ ಕೂರುವ ಪನಿಕುಳ್ಳುವಿಕೆಗೂ ಡೋಲಿಗೂ ಬಿಟ್ಟಿಯಾಗಿ, ಅವಮಾನಕರವಾಗಿ ದುಡಿಸಿಕೊಂಡದ್ದು ಇತಿಹಾಸ. ಇಂಥ ದುಡಿಮೆಯ ಅಜಲು ಪದ್ಧತಿಯನ್ನು ಕರ್ನಾಟಕ ಸರ್ಕಾರ 2000ದ ಕಾಯ್ದೆಯಿಂದ ನಿಷೇಧಿಸಿತು. ನಮ್ಮ ಮಕ್ಕಳಿಗೆ ಕಂಬಳದ ವೈಭವ ಹೇಳುವಾಗ ಇದನ್ನೂ ಹೇಳಬೇಕು.

ಓಡಿಸುವವರು

ಓಟಗಾರ ಒಬ್ಬ ಯಜಮಾನನಿಗೆ ಮಾತ್ರ ಸೇರಿದವನಲ್ಲ. ಒಂದೇ ರಾತ್ರಿ ಹಗ್ಗದಲ್ಲಿ ಒಬ್ಬರ ಕೋಣ, ನೇಗಿಲಿನಲ್ಲಿ ಇನ್ನೊಬ್ಬರ ಕೋಣ ಓಡಿಸುವುದು ಸಾಮಾನ್ಯ. ಗೆದ್ದಷ್ಟೂ ಓಟ ಹೆಚ್ಚು, ಓಟ ಹೆಚ್ಚಿದಷ್ಟೂ ಫೈನಲಿಗೆ ಕಾಲು ದಣಿದಿರುತ್ತದೆ. ನೂರು ಮೀಟರಿನ ಓಟಗಾರನಿಗೆ ಫೈನಲಿಗೆ ಮುನ್ನ ವಿಶ್ರಾಂತಿ ಇದೆ, ನಮ್ಮ ಹುಡುಗರಿಗೆ ಒದ್ದೆ ಚಡ್ಡಿಯಲ್ಲಿ ಚಳಿಗೆ ನಿಂತು ಮುಂದಿನ ಕರೆಯ ಕೂಗಿಗೆ ಕಾಯುವುದು ಇದೆ. ಅಂಗಾಲು ಬಿರಿಯುತ್ತದೆ, ಮಂಡಿ ಉಳುಕುತ್ತದೆ, ಮುಂದಿನ ಶನಿವಾರ ಮತ್ತೆ ಕರೆ. 2020ರ ಸುದ್ದಿಯ ಅಬ್ಬರದಲ್ಲಿ ಯಾರೂ ಅಳೆಯದೆ ಬಿಟ್ಟ ಸಾಮರ್ಥ್ಯ ಇದು. ಟ್ರ್ಯಾಕಿಗೆ ಬಾ ಎಂಬ ಕರೆ ಬಂದಾಗ ಶ್ರೀನಿವಾಸ ಗೌಡರು ಹೋಗದೆ ಕಂಬಳದಲ್ಲೇ ಉಳಿದರು. ನನಗೆ ಅದು ಸರಿಯಾದ ತೀರ್ಮಾನವಾಗಿ ಕಾಣುತ್ತದೆ.

ಈ ವಿದ್ಯೆ ಕಲಿಸುವ ಜಾಗವೂ ಬಜಗೋಳಿಯ ಮಗ್ಗುಲಲ್ಲೇ ಇದೆ. ಕಾರ್ಕಳದ ಪ್ರೊ. ಗುಣಪಾಲ ಕಡಂಬರ ಮುತುವರ್ಜಿಯಲ್ಲಿ 2011ರಲ್ಲಿ ಶುರುವಾದ ಕಂಬಳ ಅಕಾಡೆಮಿ ಮಿಯ್ಯಾರಿನಲ್ಲಿ ಯುವಕರಿಗೆ ತರಬೇತಿ ಕೊಟ್ಟಿತು. ಶ್ರೀನಿವಾಸ ಗೌಡರು ಅದರ ಮೊದಲ ತಂಡದವರು. ವ್ಯಾಯಾಮ, ಯೋಗ, ಕೋಣದ ಆರೈಕೆ, ಕರೆಯ ಶಿಸ್ತು ಎಲ್ಲವೂ ಪಾಠದ ಭಾಗ. ಮೊದಲು ಇದನ್ನೆಲ್ಲ ಹಿರಿಯರ ಹಿಂದೆ ತಿರುಗಿ ಕಲಿಯಬೇಕಿತ್ತು.

ಪುಸ್ತಕವೊಂದನ್ನು ಇಟ್ಟುಕೊಳ್ಳಿ

ಶಾಲೆಯ ಇನ್ನೂರು ಪುಟದ ನೋಟ್ ಪುಸ್ತಕ ಸಾಕು. ಆರು ವಿಭಾಗಕ್ಕೆ ಆರು ಭಾಗ. ಪ್ರತಿ ಸೋಮವಾರ ಪತ್ರಿಕೆ ನೋಡಿ ಪ್ರಥಮ, ದ್ವಿತೀಯ ಬರೆಯಿರಿ: ಊರು, ಯಜಮಾನರು, 'ಎ' ಜೊತೆಯೋ 'ಬಿ' ಜೊತೆಯೋ, ಓಡಿಸಿದವರು. ಈ 'ಎ', 'ಬಿ'ಯನ್ನು ಬಿಡಬೇಡಿ, ಒಂದೇ ಮನೆಯ ಎರಡು ಜೊತೆಗಳು ಒಂದೇ ವಿಭಾಗದಲ್ಲಿ ಓಡುವುದುಂಟು. ಪಕ್ಕದಲ್ಲಿ ಕರೆಯ ಹೆಸರು. ನೀವೇ ಹೋಗಿದ್ದರೆ ಕಂಡದ್ದನ್ನು ಒಂದು ಸಾಲು: ನೀರು ಹೆಚ್ಚಿತ್ತು, ಗಂತಿನಲ್ಲಿ ಎಡದ ಕೋಣ ತಿರುಗಿತು, ಫೈನಲಿಗೆ ಬಿಸಿಲು ಬಂದಿತ್ತು.

ಜನವರಿ ಮುಗಿಯುವ ಹೊತ್ತಿಗೆ ಪುಸ್ತಕ ತಾನಾಗಿ ಮಾತಾಡುತ್ತದೆ. ಉದ್ದದ ಕರೆಗಳಲ್ಲೇ ಗೆಲ್ಲುವ ಒಂದು ಜೊತೆ, ನಡುರಾತ್ರಿ ಕಳೆದರೆ ಸೋಲುವ ಇನ್ನೊಂದು, ಓಡಿಸುವವನು ಬದಲಾದ ಮೇಲೆ ಚುರುಕಾದ ಮತ್ತೊಂದು ಕಣ್ಣಿಗೆ ಬೀಳುತ್ತವೆ. ಮಾರ್ಚಿಯಲ್ಲಿ ಸರಣಿ ಶ್ರೇಷ್ಠ ಯಾರು ಎಂಬ ವಾದ ಹೋಟೆಲಿನ ಮೇಜಿನಲ್ಲಿ ಎದ್ದಾಗ ನಿಮ್ಮ ಕೈಯಲ್ಲಿ ಆಧಾರ ಇರುತ್ತದೆ.

ಶುರು ಮಾಡಲು ನವೆಂಬರವರೆಗೆ ಕಾಯಬೇಕಿಲ್ಲ. ಮಳೆ ಹಿಂದೆ ಸರಿದ ಕೂಡಲೇ ಅಲ್ಲಲ್ಲಿ ಕುದಿ ಕಂಬಳ ನಡೆಯುತ್ತದೆ. ಸೀಸನಿಗೆ ಮೊದಲು ಕೋಣಗಳನ್ನು ಕರೆಗೆ ಇಳಿಸಿ ಅಭ್ಯಾಸ ಮಾಡಿಸುವ ದಿನ ಅದು. ಬಹುಮಾನ ಇಲ್ಲ, ಜನಸಂದಣಿಯೂ ಇಲ್ಲ. ಯಜಮಾನರು, ಬಿಡುವವರು, ಓಡಿಸುವವರು ಸಾವಕಾಶವಾಗಿ ಮಾತಿಗೆ ಸಿಗುತ್ತಾರೆ. ಮಳೆಗಾಲದಲ್ಲಿ ಕೈ ಬದಲಾದ ಕೋಣಗಳು ಹೊಸ ಜೊತೆಗಾರನ ಪಕ್ಕ ಮೊದಲ ಸಲ ನೊಗಕ್ಕೆ ಕತ್ತು ಕೊಡುವುದನ್ನು ಅಲ್ಲಿ ನೋಡಬಹುದು. ದಿನಾಂಕ ಪತ್ರಿಕೆಯಲ್ಲಿ ಬರುವುದು ಕಡಿಮೆ. ನಿಮ್ಮ ಊರಿನಲ್ಲಿ ಕೋಣ ಕಟ್ಟುವ ಮನೆ ಯಾವುದೆಂದು ತಿಳಿದುಕೊಂಡು, ಅವರನ್ನೇ ಕೇಳಿ ಹೋಗಿ.